ನೋಟಿನ ನಾಲ್ಕನೆಯ ಸಾಲು

ನೂರು ರೂಪಾಯಿಯ ಹೊಸ ನೋಟೊಂದನ್ನು ಕೈಗೆ ತೆಗೆದುಕೊಂಡು ಹಿಂಬದಿ ನೋಡಿ. ಎಡಭಾಗದಲ್ಲಿ ಕಿರಿದಾದ ಒಂದು ಪಟ್ಟಿ. ಅದರೊಳಗೆ ಒಂದರ ಕೆಳಗೆ ಒಂದರಂತೆ ಹದಿನೈದು ಸಾಲುಗಳು, ಸಾಲಿಗೊಂದು ಭಾಷೆ. ಮೊದಲು ಅಸ್ಸಾಮಿ, ಆಮೇಲೆ ಬಂಗಾಳಿ, ಗುಜರಾತಿ, ನಾಲ್ಕನೆಯದು ಕನ್ನಡ. ಭಾಷೆಗಳ ಹೆಸರು ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಬರುವ ಕ್ರಮದಲ್ಲಿ ಈ ಸಾಲುಗಳನ್ನು ಜೋಡಿಸಿದ್ದಾರೆ. ಮುಂಬದಿಯ ಹಿಂದಿ, ಇಂಗ್ಲಿಷುಗಳನ್ನೂ ಸೇರಿಸಿದರೆ ಒಂದು ತುಂಡು ಕಾಗದದ ಮೇಲೆ ಒಟ್ಟು ಹದಿನೇಳು ಭಾಷೆಗಳಾದವು.

ದಿನವೂ ಕೈಯಿಂದ ಕೈಗೆ ದಾಟುವ ಈ ಸಾಲನ್ನು ಓದುವವರು ಕಡಿಮೆ. ಅಂಕಿ ಕಂಡರೆ ಸಾಕು, ಬಣ್ಣ ಕಂಡರೆ ಸಾಕು. ಹಾಗಿದ್ದ ಮೇಲೆ ಈ ಸಾಲು ಯಾರಿಗಾಗಿ? ನೋಟಿನ ಮೇಲೆ ಮುಖವೇಕೆ, ನೀರುಗುರುತೇಕೆ, ದಾರವೇಕೆ? ಇದು ಬರಿಯ ಅಲಂಕಾರವಲ್ಲ. ಒಂದೊಂದು ಗುರುತಿನ ಹಿಂದೆಯೂ ಎಲ್ಲೋ ಯಾರೋ ಮೋಸಹೋದ ಕಥೆಯಿದೆ. ಆ ಕಥೆ ಆರಂಭವಾಗುವುದು ನಮ್ಮಲ್ಲಲ್ಲ, ಲಂಡನ್ನಿನಲ್ಲಿ.

ಚಿನಿವಾರನ ರಸೀದಿ

ಕಾಗದದ ಹಣವನ್ನು ಮೊದಲು ಬಳಸಿದವರು ಚೀನೀಯರು. ಆದರೆ ನಮ್ಮ ರೂಪಾಯಿ ನೋಟಿನ ವಂಶವೃಕ್ಷ ಹಿಡಿದು ಹೊರಟರೆ ಸಿಗುವುದು ಹದಿನೇಳನೆಯ ಶತಮಾನದ ಲಂಡನ್ನಿನ ಚಿನಿವಾರರು. ಸಿರಿವಂತರು ತಮ್ಮ ಚಿನ್ನವನ್ನು ಅವರ ಬಳಿ ಭದ್ರವಾಗಿಡುತ್ತಿದ್ದರು. ಚಿನಿವಾರರು ರಸೀದಿ ಬರೆದುಕೊಡುತ್ತಿದ್ದರು. ಚಿನ್ನವನ್ನು ಹೊತ್ತು ತಿರುಗುವ ಬದಲು ರಸೀದಿಯನ್ನೇ ಇನ್ನೊಬ್ಬರಿಗೆ ಕೊಡುವುದು ಸುಲಭವೆಂದು ಜನ ಕಂಡುಕೊಂಡರು. ನೋಟು ಹುಟ್ಟಿದ್ದು ಹೀಗೆ.

1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಸ್ಥಾಪನೆಯಾದಾಗ ಅದರ ನೋಟುಗಳೂ ಕೈಬರಹದ ರಸೀದಿಗಳೇ. ಗುಮಾಸ್ತನು ಮೊತ್ತ ಬರೆದು, ಕ್ಯಾಷಿಯರ್ ಸಹಿ ಹಾಕುತ್ತಿದ್ದ. ಇದನ್ನು ತಂದವರಿಗೆ ಇಷ್ಟು ಹಣ ಕೊಡುತ್ತೇವೆ ಎಂಬ ವಚನವೇ ಅದರ ಜೀವ. ಮೂಲೆಯಲ್ಲಿ ಈಟಿ ಹಿಡಿದು ಕುಳಿತ ಬ್ರಿಟಾನಿಯಾ ದೇವಿಯ ಚಿತ್ರ. ಅದು ಬ್ಯಾಂಕಿನ ಮುದ್ರೆ. 1696ರಲ್ಲಿ ಐವತ್ತು ಪೌಂಡಿಗಿಂತ ಕಡಿಮೆಯ ನೋಟು ಕೊಡುವುದಿಲ್ಲವೆಂದು ಬ್ಯಾಂಕು ತೀರ್ಮಾನಿಸಿತು. ಆಗ ಸಾಮಾನ್ಯ ಇಂಗ್ಲಿಷರ ವರ್ಷದ ಆದಾಯ ಇಪ್ಪತ್ತು ಪೌಂಡನ್ನೂ ಮುಟ್ಟುತ್ತಿರಲಿಲ್ಲ. ಹೆಚ್ಚಿನವರು ಹುಟ್ಟಿ ಸಾಯುವವರೆಗೂ ನೋಟು ಕಂಡವರಲ್ಲ. ನೋಟು ಹಿಡಿದವನಿಗೆ ಅಕ್ಷರ ಬರುತ್ತಿತ್ತು, ಸಹಿಯ ಪರಿಚಯವಿತ್ತು, ಅನುಮಾನ ಬಂದರೆ ಬ್ಯಾಂಕಿಗೆ ಹೋಗುವ ದಾರಿಯೂ ಗೊತ್ತಿತ್ತು.

1797ರಲ್ಲಿ ಈ ಲೆಕ್ಕ ತಪ್ಪಿತು. ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು. ಚಿನ್ನ ಬರಿದಾಗುವ ಭಯದಿಂದ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಲಾಯಿತು. ನಾಣ್ಯದ ಕೊರತೆ ತುಂಬಲು ಒಂದು ಮತ್ತು ಎರಡು ಪೌಂಡಿನ ನೋಟುಗಳು ಬಂದವು. ಮೊದಲ ಬಾರಿಗೆ ಗಾಡಿ ಹೊಡೆಯುವವರ, ಸಂತೆ ವ್ಯಾಪಾರಿಗಳ ಕೈಗೆ ನೋಟು ಸೇರಿತು. ಆ ನೋಟು ಎಷ್ಟು ಸರಳವಾಗಿತ್ತೆಂದರೆ ಬಿಳಿಯ ಕಾಗದ, ಕಪ್ಪು ಶಾಯಿ, ಒಂದೇ ಬದಿಯ ಅಚ್ಚು, ಅಷ್ಟೇ. ಸಾಧಾರಣ ಕೆತ್ತನೆಗಾರನೂ ಅದನ್ನು ನಕಲು ಮಾಡಬಹುದಿತ್ತು. ಓದುಬಾರದವನಿಗೆ ಅಸಲು ಯಾವುದು, ಖೋಟಾ ಯಾವುದು ಎಂದು ತಿಳಿಯುವ ಬಗೆ ಇರಲಿಲ್ಲ.

ಖೋಟಾ ನೋಟು ಮಾಡಿದವರಿಗೂ ದಾಟಿಸಿದವರಿಗೂ ಅಂದು ಮರಣದಂಡನೆ. 1797ರಿಂದ 1821ರವರೆಗೆ ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ ಬಡವರೇ ಹೆಚ್ಚು. 1819ರಲ್ಲಿ ಜಾರ್ಜ್ ಕ್ರೂಕ್‌ಶ್ಯಾಂಕ್ ಎಂಬ ವ್ಯಂಗ್ಯಚಿತ್ರಕಾರ ಒಂದು ಅಣಕು ನೋಟನ್ನೇ ಅಚ್ಚುಹಾಕಿಸಿದ. ಅದರಲ್ಲಿ ಸಾಲಾಗಿ ನೇತಾಡುವ ಹೆಣಗಳ ಚಿತ್ರವಿತ್ತು. ಸುಲಭವಾಗಿ ನಕಲಾಗುವ ನೋಟನ್ನು ಬಡವರ ಕೈಗೆ ಕೊಟ್ಟು, ಆಮೇಲೆ ಅವರನ್ನೇ ನೇಣಿಗೆ ಹಾಕುವುದು ಯಾವ ನ್ಯಾಯ ಎಂಬುದು ಅವನ ಪ್ರಶ್ನೆ. ನೋಟಿನ ವಿನ್ಯಾಸವೆಂಬುದು ಚಿತ್ರಕಾರರ ವಿಷಯ ಮಾತ್ರವಲ್ಲ, ಜೀವದ ವಿಷಯ ಎಂದು ಲೋಕಕ್ಕೆ ತಿಳಿದದ್ದು ಇಂಥ ದಿನಗಳಲ್ಲಿ.

ಪಾಠ ಕಲಿತರೂ ಇಂಗ್ಲೆಂಡು ಬದಲಾದದ್ದು ನಿಧಾನವಾಗಿ. ಅಲ್ಲಿ ಎರಡೂ ಬದಿ ಬಣ್ಣದಲ್ಲಿ ಅಚ್ಚಾದ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟು ಬಂದದ್ದು 1928ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರು ಸೆರೆಯಾಳುಗಳಿಂದ ಪೌಂಡ್ ನೋಟುಗಳನ್ನು ಅಸಲಿನಷ್ಟೇ ಚೆನ್ನಾಗಿ ನಕಲು ಮಾಡಿಸಿದರು. ಐದು ಪೌಂಡಿಗೆ ಮೇಲ್ಪಟ್ಟ ನೋಟುಗಳನ್ನು 1943ರಲ್ಲಿ ಬ್ಯಾಂಕು ಹಿಂದಕ್ಕೆ ಪಡೆಯಬೇಕಾಯಿತು. ರಾಣಿಯ ಮುಖ ಬ್ಯಾಂಕಿನ ನೋಟಿಗೆ ಬಂದದ್ದು 1960ರಲ್ಲಿ. 2016ರಿಂದ 2021ರೊಳಗೆ ಅದರ ನಾಲ್ಕೂ ನೋಟುಗಳು ಕಾಗದ ಬಿಟ್ಟು ಪಾಲಿಮರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಗೆ ಬದಲಾದವು. 2024ರ ಜೂನ್‌ನಿಂದ ಮೂರನೆಯ ಚಾರ್ಲ್ಸ್ ದೊರೆಯ ಮುಖದ ನೋಟುಗಳು ಚಲಾವಣೆಗೆ ಬಂದಿವೆ.

ಹಡಗಿನಲ್ಲಿ ಬಂದ ಹಣ

ಭಾರತದಲ್ಲಿ ಮೊದಲು ನೋಟು ಹೊರಡಿಸಿದವು ಕಲ್ಕತ್ತ, ಮುಂಬಯಿ, ಮದ್ರಾಸುಗಳ ಬ್ಯಾಂಕುಗಳು. 1857ರ ದಂಗೆಯ ನಂತರ ಖಜಾನೆ ಸರಿಪಡಿಸಲು ಇಂಗ್ಲೆಂಡಿನಿಂದ ಜೇಮ್ಸ್ ವಿಲ್ಸನ್ ಎಂಬ ಅರ್ಥತಜ್ಞ ಬಂದ. ಸರ್ಕಾರವೇ ನೋಟು ಹೊರಡಿಸಬೇಕೆಂಬ ಮಸೂದೆಯನ್ನು 1860ರಲ್ಲಿ ಮಂಡಿಸಿದ. ಅದೇ ವರ್ಷ ಕಲ್ಕತ್ತದಲ್ಲಿ ತೀರಿಕೊಂಡ. ಮರುವರ್ಷ, 1861ರಲ್ಲಿ, ಕಾಗದದ ಹಣದ ಕಾನೂನು ಜಾರಿಯಾಯಿತು.

ಆ ಕಾನೂನಿನಡಿ ಬಂದ ಮೊದಲ ನೋಟುಗಳ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿತ್ತು. ವಿಚಿತ್ರ ನೋಡಿ, ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟಿಗೆ ರಾಜಮುಖ ಬರಲು ಇನ್ನೂ ನೂರು ವರ್ಷ ಬಾಕಿಯಿತ್ತು. ಆಳಿಸಿಕೊಳ್ಳುವವರ ನೋಟಿಗೆ ಮಾತ್ರ ಅದು ಮೊದಲೇ ಬಂತು. ಕಾಗದ ತಯಾರಾದದ್ದು ಇಂಗ್ಲೆಂಡಿನ ಲೇವರ್‌ಸ್ಟೋಕ್ ಗಿರಣಿಯಲ್ಲಿ, ಅಚ್ಚಾದದ್ದೂ ಇಂಗ್ಲೆಂಡಿನಲ್ಲೇ. ಅಲ್ಲಿಂದ ಹಡಗೇರಿ ಇಲ್ಲಿಗೆ ಬರುತ್ತಿತ್ತು. ಅತಿ ಚಿಕ್ಕ ನೋಟೇ ಹತ್ತು ರೂಪಾಯಿಯದು. ಅಂದಿನ ಕೂಲಿಯವನಿಗೆ ಅದು ದೊಡ್ಡ ಗಂಟು.

ದೇಶವನ್ನು ವೃತ್ತಗಳಾಗಿ ವಿಂಗಡಿಸಿದ್ದರು. ಮದ್ರಾಸು ವೃತ್ತದ ನೋಟನ್ನು ಕಾನೂನಿನ ಪ್ರಕಾರ ಮದ್ರಾಸು ವೃತ್ತದಲ್ಲಷ್ಟೇ ನಗದು ಮಾಡಿಸಬಹುದಿತ್ತು. ಈ ತೊಡಕು 1903ರಿಂದ 1911ರ ನಡುವೆ ಒಂದೊಂದೇ ನೋಟಿಗೆ ನಿವಾರಣೆಯಾಯಿತು. ದೂರದೂರಿಗೆ ಹಣ ಕಳಿಸಬೇಕಾದ ವ್ಯಾಪಾರಿಗಳು ನೋಟನ್ನು ಎರಡು ತುಂಡು ಮಾಡುತ್ತಿದ್ದರು. ಒಂದು ತುಂಡನ್ನು ಅಂಚೆಗೆ ಹಾಕಿ, ಅದು ತಲುಪಿತೆಂಬ ಕಾಗದ ಬಂದ ಮೇಲೆ ಇನ್ನೊಂದನ್ನು ಕಳಿಸುತ್ತಿದ್ದರು. ದಾರಿಯಲ್ಲಿ ಕದ್ದವನಿಗೆ ಅರ್ಧ ನೋಟಿನಿಂದ ಏನೂ ಗಿಟ್ಟದು!

ಖೋಟಾ ನೋಟಿನ ಹಾವಳಿ ಇಲ್ಲಿಯೂ ತಪ್ಪಲಿಲ್ಲ. ವಿಕ್ಟೋರಿಯಾ ಮುಖದ ನೋಟುಗಳನ್ನು ಹಿಂತೆಗೆದು, 1867ರಿಂದ ಬಣ್ಣದ ಹಿನ್ನೆಲೆಯ ಮೇಲೆ ಅಚ್ಚಾದ ನೋಟುಗಳನ್ನು ತಂದರು. ಭಾಷೆಯ ಮಾತು ಮುಖ್ಯವಾಗುವುದು ಇಲ್ಲಿಂದ. ಮೊದಲ ನೋಟಿನಲ್ಲಿ ದೇಶಭಾಷೆಯ ಎರಡು ಪಟ್ಟಿಗಳಿದ್ದವು. ಹಸಿರು ಬಣ್ಣದ ನೋಟಿನಲ್ಲಿ ಅವು ನಾಲ್ಕಾದವು. ಆಯಾ ವೃತ್ತಕ್ಕೆ ತಕ್ಕಂತೆ ಭಾಷೆಗಳು ಬದಲಾಗುತ್ತಿದ್ದವು. ಕೆಂಪು ಬಣ್ಣದ ನೋಟು ಬರುವ ಹೊತ್ತಿಗೆ ಎಂಟಾದವು. ನೋಟು ನಾಲ್ಕು ಮಂದಿ ಸಾಹುಕಾರರನ್ನು ದಾಟಿ ಮುಂದೆ ಹೋದಷ್ಟೂ ಭಾಷೆಗಳು ಹೆಚ್ಚಿದವು.

ಅದು ಹಳ್ಳಿಯವರೆಗೂ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಬೆಳ್ಳಿಗೆ ಬರ ಬಂದು, ಬೆಳ್ಳಿ ರೂಪಾಯಿಯ ಬದಲಿಗೆ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಬಂತು. ಹಿಂದೆಯೇ ಎರಡು ರೂಪಾಯಿ ಎಂಟಾಣೆಯ ನೋಟೂ ಬಂತು. ಬೆಳ್ಳಿಯನ್ನು ಕಲ್ಲಿಗೆ ಬಡಿದು ನಾದ ಕೇಳಿ ನಂಬುತ್ತಿದ್ದ ಜನ ಕಾಗದವನ್ನು ಹೇಗೆ ನಂಬಬೇಕು? ಅದಕ್ಕಾಗಿ ಐದನೆಯ ಜಾರ್ಜ್ ದೊರೆಯ ಬೆಳ್ಳಿ ನಾಣ್ಯದ ಚಿತ್ರವನ್ನೇ ನೋಟಿನ ಮೇಲೆ ಅಚ್ಚುಹಾಕಿದರು. ಮೊತ್ತವನ್ನು ಎಂಟು ಭಾಷೆಗಳಲ್ಲಿ ಬರೆದರು. ಅಂದು ಬರ್ಮಾ ಕೂಡ ಬ್ರಿಟಿಷ್ ಇಂಡಿಯಾದೊಳಗಿದ್ದುದರಿಂದ ಬರ್ಮೀ ಭಾಷೆ ಇತ್ತು; ತಮಿಳು, ತೆಲುಗುಗಳೊಡನೆ ಕನ್ನಡವೂ ಇತ್ತು.

ಕನ್ನಡ ಕಂಡ ಇನ್ನೊಂದು ನೋಟು ಹೈದರಾಬಾದಿನ ನಿಜಾಮರದು. 1918ರ ಕಾನೂನಿನಂತೆ ಅವರು ತಮ್ಮದೇ ನೋಟು ಹೊರಡಿಸಿದರು. ರಾಯಚೂರು, ಕಲಬುರಗಿ, ಬೀದರುಗಳು ಅವರ ಆಳ್ವಿಕೆಯಲ್ಲಿದ್ದುದರಿಂದ ಆ ನೋಟಿನ ಮೇಲೆ ಉರ್ದು, ಮರಾಠಿ, ತೆಲುಗುಗಳ ಜೊತೆಗೆ ಕನ್ನಡದ ಸಾಲೂ ಇತ್ತು. ಕನ್ನಡಿಗರು ಹಲವು ಆಳ್ವಿಕೆಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ, ಒಂದೇ ಲಿಪಿ ಎರಡು ಸರ್ಕಾರಗಳ ಹಣದ ಮೇಲೆ ಕುಳಿತಿತ್ತು.

ರಾಜನಿಂದ ರಥದವರೆಗೆ

1928ರಲ್ಲಿ ನಾಸಿಕದಲ್ಲಿ ನೋಟಿನ ಮುದ್ರಣಾಲಯ ಆರಂಭವಾಗಿ, 1932ರ ಹೊತ್ತಿಗೆ ಎಲ್ಲ ನೋಟುಗಳೂ ಇಲ್ಲೇ ಅಚ್ಚಾಗತೊಡಗಿದವು. 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಹುಟ್ಟಿತು. ಅದರ ಮೊದಲ ನೋಟು 1938ರ ಜನವರಿಯಲ್ಲಿ ಬಂದ ಐದು ರೂಪಾಯಿಯದು. ಮೇಲೆ ಆರನೆಯ ಜಾರ್ಜ್. ಯುದ್ಧಕಾಲದಲ್ಲಿ ಜಪಾನೀಯರು ಇದನ್ನು ಚೆನ್ನಾಗಿ ನಕಲು ಮಾಡಿದ್ದರಿಂದ ನೀರುಗುರುತು ಬದಲಿಸಿ, ಕಾಗದದೊಳಗೆ ಭದ್ರತಾ ದಾರವನ್ನು ಮೊದಲ ಬಾರಿಗೆ ಹುದುಗಿಸಿದರು. ಇಂದು ನಾವು ಬೆಳಕಿಗೆ ಹಿಡಿದು ಹುಡುಕುವ ದಾರ ಆ ಯುದ್ಧದ ನೆನಪು.

ಸ್ವಾತಂತ್ರ್ಯ ಬಂದ ಮೇಲೆ ರಾಜನ ಜಾಗಕ್ಕೆ ಯಾರು? ಗಾಂಧೀಜಿಯವರ ಚಿತ್ರಕ್ಕಾಗಿ ನಕ್ಷೆಗಳೂ ತಯಾರಾಗಿದ್ದವು. ಕೊನೆಗೆ ಅಶೋಕಸ್ತಂಭದ ಸಿಂಹಗಳಿಗೆ ಒಪ್ಪಿಗೆ ಸಿಕ್ಕಿತು. ಗಾಂಧೀಜಿ ಮೊದಲು ನೋಟಿಗೆ ಬಂದದ್ದು ಅವರ ಜನ್ಮಶತಾಬ್ದಿಯ ವರ್ಷ, 1969ರಲ್ಲಿ. 1987ರ ಐನೂರರ ನೋಟಿನಲ್ಲಿ ಮತ್ತೆ ಬಂದರು. 1996ರಿಂದ ರಿಸರ್ವ್ ಬ್ಯಾಂಕಿನ ಹೊಸ ನೋಟುಗಳಲ್ಲೆಲ್ಲ ಅವರೇ. ನೋಟಿಗೆ ಮುಖ ಹಾಕುವುದರಲ್ಲಿ ಗೌರವದ ಜೊತೆಗೆ ಒಂದು ಉಪಾಯವೂ ಇದೆ. ಮನುಷ್ಯನ ಕಣ್ಣು ಹೂಬಳ್ಳಿಯ ತಪ್ಪನ್ನು ಗಮನಿಸದೆ ಹೋಗಬಹುದು; ಪರಿಚಿತ ಮುಖದಲ್ಲಿ ತುಟಿಯೊಂದು ಕೊಂಚ ಓರೆಯಾದರೂ ಥಟ್ಟನೆ ಹಿಡಿಯುತ್ತದೆ.

ನೋಟಿನ ಹಿಂಬದಿಯಲ್ಲಿ ಕರ್ನಾಟಕವನ್ನೂ ಹುಡುಕಬಹುದು. ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ಇದ್ದ ಆರ್ಯಭಟ ಉಪಗ್ರಹ ತಯಾರಾದದ್ದು ಬೆಂಗಳೂರಿನ ಪೀಣ್ಯದಲ್ಲಿ. 2017ರಲ್ಲಿ ಬಂದ ಐವತ್ತರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥವಿದೆ. 1996ರ ಸರಣಿಯ ಹತ್ತರ ನೋಟಿನ ಹಿಂದೆ ಘೇಂಡಾಮೃಗ, ಆನೆ, ಹುಲಿಗಳಿದ್ದವು. ಬಂಡೀಪುರ ಹುಲಿ ರಕ್ಷಿತಾರಣ್ಯದ ಒಂದು ವಲಯಕ್ಕೆ ತನ್ನ ಹೆಸರನ್ನೇ ಕೊಟ್ಟಿರುವ ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನ ಮಕ್ಕಳಿಗೆ ಆ ಮೂರರಲ್ಲಿ ಎರಡು ನೆರೆಹೊರೆಯವೇ!

ಮೈಸೂರಿನಲ್ಲೇ ಎಲ್ಲ

ಅದೇ ಎನ್. ಬೇಗೂರು ಇರುವ ಮೈಸೂರು ಜಿಲ್ಲೆಗೆ ನೋಟಿನೊಡನೆ ಇನ್ನೂ ಹತ್ತಿರದ ನಂಟಿದೆ. ನಾಸಿಕ ಮತ್ತು ದೇವಾಸದ ಮುದ್ರಣಾಲಯಗಳು ದೇಶದ ಬೇಡಿಕೆ ಪೂರೈಸಲಾರದೆ 1990ರ ದಶಕದಲ್ಲಿ ನೋಟಿನ ಅಭಾವ ತಲೆದೋರಿತು. ಹೊರದೇಶದ ಕಂಪೆನಿಗಳಿಂದ ನೋಟು ಅಚ್ಚುಹಾಕಿಸಿ ತರಿಸಿದ್ದೂ ಉಂಟು. ಆ ಹೊತ್ತಿನಲ್ಲೇ, 1995ರಲ್ಲಿ, ರಿಸರ್ವ್ ಬ್ಯಾಂಕು ತನ್ನದೇ ಆದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಯನ್ನು ಕಟ್ಟಿತು. ಅದರ ಒಂದು ಮುದ್ರಣಾಲಯ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ, ಇನ್ನೊಂದು ಮೈಸೂರಿನಲ್ಲಿ. ಮೈಸೂರಿನಲ್ಲಿ 1996ರಲ್ಲಿ ಮುದ್ರಣ ಆರಂಭವಾಯಿತು.

ಆಮೇಲೆ ಕಾಗದದ ಸರದಿ. 2010ರಲ್ಲಿ ನೋಂದಣಿಯಾದ ಬ್ಯಾಂಕ್ ನೋಟ್ ಪೇಪರ್ ಮಿಲ್ ಮೈಸೂರಿನಲ್ಲೇ ನೋಟಿನ ಕಾಗದ ತಯಾರಿಸತೊಡಗಿತು. ಅದರ ಸಾಮರ್ಥ್ಯ ವರ್ಷಕ್ಕೆ 12,000 ಟನ್. ಶಾಯಿಯೊಂದು ಉಳಿದಿತ್ತು. 2022ರ ಮಾರ್ಚ್ 28ರಂದು 'ವರ್ಣಿಕಾ' ಎಂಬ ಶಾಯಿ ಕಾರ್ಖಾನೆ ಅಲ್ಲಿಯೇ ಉದ್ಘಾಟನೆಯಾಯಿತು. ಅದು ವರ್ಷಕ್ಕೆ 1,500 ಟನ್ ಶಾಯಿ ತಯಾರಿಸಬಲ್ಲದು. ಲೇವರ್‌ಸ್ಟೋಕಿನಿಂದ ಹಡಗಿನಲ್ಲಿ ಬರುತ್ತಿದ್ದ ಕಾಗದ ಎಲ್ಲಿ, ಒಂದೇ ಊರಿನಲ್ಲಿ ಕಾಗದ, ಶಾಯಿ, ಅಚ್ಚು ಮೂರೂ ಸಿಗುವ ಇಂದಿನ ಸ್ಥಿತಿ ಎಲ್ಲಿ!

ನೋಟಿನ ಕಾಗದ ಮರದ ತಿರುಳಿನದಲ್ಲ, ಹತ್ತಿಯದು. ಆದ್ದರಿಂದಲೇ ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಬಿದ್ದರೂ ಅದು ಕರಗಿಹೋಗುವುದಿಲ್ಲ. ಕಾಗದ ಇನ್ನೂ ಹಸಿಯಾಗಿರುವಾಗಲೇ ಕೆಲವೆಡೆ ದಪ್ಪ, ಕೆಲವೆಡೆ ತೆಳು ಬರುವಂತೆ ಮಾಡುತ್ತಾರೆ; ಅದೇ ನೀರುಗುರುತು. ಅದು ಶಾಯಿಯಲ್ಲ, ಕಾಗದದ ಮೈಯೇ. ಇನ್ನು ಮುಖದ ಚಿತ್ರ, ಸಹಿ ಮುಂತಾದವುಗಳನ್ನು ಒತ್ತುವುದು ಇಂಟಾಗ್ಲಿಯೋ ಎಂಬ ವಿಧಾನದಿಂದ. ಲೋಹದ ಫಲಕದಲ್ಲಿ ಗೆರೆಗಳನ್ನು ಕೊರೆದು, ಆ ತಗ್ಗುಗಳಲ್ಲಿ ಶಾಯಿ ತುಂಬಿ, ಭಾರಿ ಒತ್ತಡದಲ್ಲಿ ಕಾಗದಕ್ಕೆ ಒತ್ತುತ್ತಾರೆ. ಹೀಗಾಗಿ ಗೆರೆಗಳು ಕಾಗದದ ಮೇಲೆ ಉಬ್ಬಿ ನಿಲ್ಲುತ್ತವೆ.

ಕೊನೆಯ ಕೈ

ಇಷ್ಟೆಲ್ಲ ಏಕೆ ತಿಳಿಯಬೇಕು? ಇದಕ್ಕೆ ನೇರವಾದ ಕಾರಣವಿದೆ. ಖೋಟಾ ನೋಟು ಬ್ಯಾಂಕಿಗೆ ಹೋದರೆ ಬ್ಯಾಂಕು ಅದನ್ನು ಮುಟ್ಟುಗೋಲು ಹಾಕಿಕೊಂಡು ರಸೀದಿ ಕೊಡಬೇಕು. ಬದಲಿಗೆ ಹಣ ಕೊಡುವುದಿಲ್ಲ. ನಷ್ಟ ಆ ನೋಟು ಕೊನೆಗೆ ಯಾರ ಕೈಯಲ್ಲಿತ್ತೋ ಅವರದೇ. ಖೋಟಾ ಎಂದು ತಿಳಿದೂ ಇನ್ನೊಬ್ಬರಿಗೆ ದಾಟಿಸಿದರೆ ಅಪರಾಧ. ಗಲ್ಲಿನ ಕಾಲ ಹೋಯಿತು, ಆದರೆ ಕೊನೆಯ ಕೈಯ ಕಷ್ಟ ಹೋಗಿಲ್ಲ. ಅಂಗಡಿ, ಬ್ಯಾಂಕುಗಳಲ್ಲಿ ಪರೀಕ್ಷಿಸುವ ಯಂತ್ರವಿರುತ್ತದೆ. ಸಂತೆಯಲ್ಲಿ ಸಂಜೆಗತ್ತಲಲ್ಲಿ ಕುರಿ ಮಾರಿದವರಿಗೆ, ವಾರದ ಬಟವಾಡೆ ಎಣಿಸಿಕೊಳ್ಳುವ ಕೂಲಿಯವರಿಗೆ ಇರುವುದು ಕಣ್ಣು ಮತ್ತು ಬೆರಳು ಮಾತ್ರ.

ಆ ಎರಡರಿಂದ ಮಾಡಬಹುದಾದ ಪರೀಕ್ಷೆ ಹೀಗೆ. ನೋಟನ್ನು ಬೆಳಕಿಗೆ ಹಿಡಿಯಿರಿ. ಖಾಲಿ ಜಾಗದಲ್ಲಿ ಗಾಂಧೀಜಿಯ ಮುಖವೂ ಮೊತ್ತದ ಅಂಕಿಯೂ ಮೂಡಬೇಕು. ಇನ್ನೂರು, ಐನೂರರ ನೋಟನ್ನೂ ಹೊಸ ನೂರರ ನೋಟನ್ನೂ ಓರೆ ಮಾಡಿ. ದಾರದ ಹಸಿರು ನೀಲಿಯಾಗಬೇಕು. ಕ್ರಮಸಂಖ್ಯೆಯ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗಬೇಕು. ನೂರು ಮತ್ತು ಅದಕ್ಕೆ ಮೇಲ್ಪಟ್ಟ ನೋಟುಗಳ ಮುಖದ ಚಿತ್ರದ ಮೇಲೆ ಬೆರಳಾಡಿಸಿ. ಗೆರೆಗಳು ತರಿತರಿಯಾಗಿ ಹತ್ತಬೇಕು. ಒಂದೇ ಗುರುತು ನೋಡಿ ತೀರ್ಮಾನ ಮಾಡಬಾರದು. ಮೂರು ನಾಲ್ಕು ಕೂಡಿಬರಬೇಕು.

ಬೆರಳೊಂದೇ ಇರುವವರೂ ಇದ್ದಾರೆ. ಕಣ್ಣು ಕಾಣದವರಿಗಾಗಿ ನೂರರ ನೋಟಿನಲ್ಲಿ ಉಬ್ಬಿದ ತ್ರಿಕೋನ, ಅಂಚಿನಲ್ಲಿ ನಾಲ್ಕು ಓರೆಗೆರೆಗಳಿವೆ. ಐನೂರರಲ್ಲಿ ವೃತ್ತ ಮತ್ತು ಐದು ಗೆರೆಗಳು. ಆದರೆ ಕೈ ಬದಲಾದಂತೆ ಉಬ್ಬು ಸವೆಯುತ್ತದೆ. ಉದ್ದದಿಂದ ಗುರುತಿಸೋಣವೆಂದರೆ ನೂರರ ನೋಟು 142 ಮಿಲಿಮೀಟರ್, ಇನ್ನೂರರದು 146, ಐನೂರರದು 150. ನಾಲ್ಕೇ ಮಿಲಿಮೀಟರ್ ಅಂತರ ಬೆರಳಿಗೆ ತಿಳಿಯುವುದು ಕಷ್ಟವೆಂದು ಅಂಧರ ಸಂಘಟನೆ ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು 'ಮಣಿ' ಎಂಬ ಮೊಬೈಲ್ ತಂತ್ರಾಂಶ ಹೊರತಂದಿತು. ನೋಟನ್ನು ಅದರ ಮುಂದೆ ಹಿಡಿದರೆ ಮೊತ್ತ ಎಷ್ಟೆಂದು ಹೇಳುತ್ತದೆ. ಒಳ್ಳೆಯದೇ. ಆದರೆ ನೋಟು ಎಣಿಸಲು ಫೋನು ಬೇಕೆಂದಾದರೆ, ಫೋನಿಲ್ಲದವರ ಪಾಡೇನು?

ನಾಲ್ಕನೆಯ ಸಾಲಿನ ಬೆಲೆ ತಿಳಿಯುವುದು ಇಲ್ಲಿ. ಆ ಸಾಲು ಮೊತ್ತವನ್ನಷ್ಟೇ ಹೇಳುತ್ತದೆ. ಧಾರಕರಿಗೆ ಹಣ ಕೊಡುತ್ತೇನೆಂಬ ಗವರ್ನರರ ವಚನ ಇರುವುದು ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಆರಕ್ಕೆ ನೋಟಿನಲ್ಲಿ ಜಾಗವಿಲ್ಲ. ತುಳು, ಕೊಡವ ಭಾಷೆಗಳಿಗೂ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನುಕುರುಬರು ಆಡುವ ಮಾತಿಗೂ ಇಲ್ಲ. ಎಲ್ಲವನ್ನೂ ಅಂಗೈಯಗಲದ ಕಾಗದದ ಮೇಲೆ ಹಿಡಿಸಲಾಗದು, ನಿಜ. ಆದರೂ ಒಂದು ನೋಟು ಒಳ್ಳೆಯದೋ ಅಲ್ಲವೋ ಎಂದು ಅಳೆಯಬೇಕಾದದ್ದು ಅದರ ಅಂದದಿಂದಲ್ಲ. ಓದು ಬಾರದವರು, ಕಣ್ಣು ಕಾಣದವರು ಯಾರ ನೆರವೂ ಇಲ್ಲದೆ ಅದನ್ನು ಗುರುತಿಸಬಲ್ಲರೇ ಎಂಬುದರಿಂದ.

ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ, ವಿದ್ಯಾರ್ಥಿಗಳು ಈ ವಾರ ಒಂದು ಕೆಲಸ ಮಾಡಬಹುದು. ಅವರು ಕಣ್ಣು ಮುಚ್ಚಿ ನೂರರ, ಇನ್ನೂರರ, ಐನೂರರ ನೋಟುಗಳನ್ನು ಬೇರ್ಪಡಿಸಬಲ್ಲರೇ ನೋಡಿ. ಮೊದಲು ನೀವೇ ಪ್ರಯತ್ನಿಸಿ. ಆಮೇಲೆ ಮೇಲಿನ ಗುರುತುಗಳನ್ನು ಒಂದೊಂದಾಗಿ ಅವರಿಗೆ ತೋರಿಸಿಕೊಡಿ. ಪಾಠಪುಸ್ತಕದಲ್ಲಿ ಇಲ್ಲದ ಈ ಪಾಠ, ಒಂದಲ್ಲ ಒಂದು ದಿನ ಮನೆಯ ಐನೂರು ರೂಪಾಯಿ ಉಳಿಸೀತು.